ಗೆಳೆತನಕ್ಕೆ ಅಪ್ಪನ ಸಹಿ

"ಅವ್ವಾ, ಇಲ್ಲೊಂದು ಸಹಿ ಮಾಡು. ಓದಬ್ಯಾಡ."

ಹದಿನೈದು ವರ್ಷದ ಮಗಳು ಹೀಗಂದರೆ ಯಾವ ತಾಯಿ ಓದದೆ ಬಿಟ್ಟಾಳು? ನಾನು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು ಕೂತೆ. ವಿಜಿ (ಮಸ್ಕಿಯ ಹೈಸ್ಕೂಲು, ಒಂಬತ್ತನೇ ಕ್ಲಾಸು, ಮನೆಯಲ್ಲಿ ಎಲ್ಲರಿಗಿಂತ ಒಂದು ಮಾತು ಜಾಸ್ತಿ) ಹಣೆ ಹಣೆ ಬಡಿದುಕೊಂಡಳು.

ಕಾಗದದಲ್ಲಿದ್ದದ್ದು ಇಷ್ಟು. ಹದಿಹರೆಯದ ಮಕ್ಕಳ ಗೆಳೆತನದ ಬಗ್ಗೆ ಒಂದು ಸಂಶೋಧನೆ ನಡೆಯುತ್ತಿದೆ. ನಿಮ್ಮ ಮಗಳಿಗೆ ಕೆಲವು ಪ್ರಶ್ನೆ ಕೇಳುತ್ತೇವೆ. ನಿನ್ನ ಆಪ್ತ ಗೆಳತಿ ಯಾರು? ಜಗಳವಾದರೆ ಮೊದಲು ಮಾತಾಡಿಸುವವರು ಯಾರು? ಮನೆಯಲ್ಲಿ ಹೇಳದ್ದನ್ನು ಯಾರ ಹತ್ತಿರ ಹೇಳುತ್ತೀ? ಉತ್ತರಗಳನ್ನು ಗುಟ್ಟಾಗಿ ಇಡುತ್ತೇವೆ. ಪೋಷಕರಿಗೂ ತೋರಿಸುವುದಿಲ್ಲ. ಒಪ್ಪಿಗೆಯಿದ್ದರೆ ಸಹಿ ಮಾಡಿ.

ಅಂದರೆ ಏನಾಯಿತು? ಮನೆಯಲ್ಲಿ ನನಗೆ ಹೇಳದ್ದನ್ನು ಮಗಳು ಯಾರಿಗೆ ಹೇಳುತ್ತಾಳೆ ಅಂತ ಯಾರೋ ಬಂದು ಕೇಳುತ್ತಾರೆ. ಅವರಿಗೆ ಗೊತ್ತಾಗುತ್ತದೆ. ನನಗೆ ಗೊತ್ತಾಗುವುದಿಲ್ಲ. ಅದಕ್ಕೆ ಸಹಿ ಹಾಕಬೇಕಾದವಳು ನಾನೇ.

"ಇದೇನ್ ಬೇ ಇದು?" ಅಂದೆ.

"ಅದಕ್ಕ ಓದಬ್ಯಾಡ ಅಂದಿದ್ದೆ."

ಸಹಿ ಮಾಡಿದೆ. ಮಾಡದೆ ಏನು ಮಾಡಲಿ? ಮಾಡದಿದ್ದರೆ ನನಗೇನೋ ಹೆದರಿಕೆ ಇದೆ ಅಂತಾಗುತ್ತದೆ. (ಇತ್ತು. ಅದು ಬೇರೆ ಮಾತು.)

ಸಂಶೋಧನೆ ಮಾಡುತ್ತಿದ್ದ ಹುಡುಗಿಯ ಹೆಸರು ಶಿಲ್ಪಾ. ಇಲ್ಲೇ ಗುರುಗುಂಟಾದವಳು, ಪಿಎಚ್‌ಡಿ ಮಾಡುತ್ತಿದ್ದಾಳೆ. ನಾನು ದಿನಾ ಮಸ್ಕಿಯಿಂದ ಸಿಂಧನೂರಿಗೆ ಕಾಲೇಜಿನಲ್ಲಿ ಪಾಠ ಹೇಳಲು ಹೋಗುವವಳು. ಎರಡು ದಿನ ಬಿಟ್ಟು ಬಸ್ಸಿನಲ್ಲಿ ಅವಳೇ ನನ್ನ ಪಕ್ಕದ ಸೀಟಿಗೆ ಬಂದು, "ವಿಜಿ ಅಮ್ಮ ಅಲ್ರೀ ನೀವು?" ಅಂತ ಪರಿಚಯ ಮಾಡಿಕೊಂಡಳು.

ಅವಳು ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಈ ಪ್ರಶ್ನೆಗಳು ಮೂಲದಲ್ಲಿ ನಮ್ಮ ಮಕ್ಕಳಿಗಾಗಿ ಬರೆದವಲ್ಲವಂತೆ. ಯಾವುದೋ ದೂರದ ದೇಶದ ಊರಿನಲ್ಲಿ ಯಹೂದಿ ಮಕ್ಕಳ ಗೆಳೆತನದ ಬಗ್ಗೆ ತಯಾರಿಸಿದ್ದನ್ನು ಅವಳ ಗೈಡು ಮಾದರಿಗೆಂದು ಕೊಟ್ಟಿದ್ದರಂತೆ. ಆ ಊರಲ್ಲಿ ಅವರ ಜನ ಕಡಿಮೆ. ಮಕ್ಕಳ ಗೆಳೆಯರು ನಮ್ಮವರೋ ಹೊರಗಿನವರೋ ಅನ್ನುವುದು ಮನೆಮನೆಯಲ್ಲೂ ದೊಡ್ಡ ವಿಷಯ. ಅದಕ್ಕೇ ಅಲ್ಲಿಯೂ ಮೊದಲು ತಂದೆತಾಯಿಯ ಒಪ್ಪಿಗೆ ಪಡೆದೇ ಮಕ್ಕಳನ್ನು ಮಾತಾಡಿಸುವುದು.

"ಅದರಾಗ ಒಂದು ಪ್ರಶ್ನೆ ಐತ್ರೀ ಮೇಡಂ. ಇಡಬೇಕೋ ತೆಗೀಬೇಕೋ ಗೊತ್ತಾಗವಲ್ದು," ಅಂದಳು ಶಿಲ್ಪಾ. "ಶುಕ್ರವಾರ ಸಂಜೀಕ ನಿಮ್ಮ ಮನಿ ಊಟಕ್ಕ ಯಾವ ಗೆಳತಿ ಬರತಾಳ ಅಂತ."

ಯಹೂದಿಗಳಿಗೆ ಶುಕ್ರವಾರ ಹೊತ್ತು ಮುಳುಗಿದರೆ ವಾರದ ವಿಶ್ರಾಂತಿ ಶುರು. ದೀಪ ಹಚ್ಚಿ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂರುತ್ತಾರಂತೆ. ಆ ಊಟಕ್ಕೆ ಕರೆಯುವಷ್ಟು ಹತ್ತಿರದವರು ಯಾರು ಅನ್ನುವುದು ಪ್ರಶ್ನೆಯ ತಿರುಳು.

ಆ ತಾಯಂದಿರೂ ಒಲೆ ಸಣ್ಣ ಮಾಡಿ, ಕನ್ನಡಕ ಹಾಕಿಕೊಂಡು ಇದೇ ಕಾಗದ ಓದಿರಬೇಕು. ಅವರ ಮಕ್ಕಳೂ ಹಣೆ ಬಡಿದುಕೊಂಡಿರಬೇಕು. ಹಾಗೆ ಯೋಚಿಸಿ ನನಗೆ ಯಾಕೋ ಸಮಾಧಾನವಾಯಿತು.

"ತೆಗೀಬ್ಯಾಡ," ಅಂದೆ ಶಿಲ್ಪಾಗೆ. "ಶುಕ್ರವಾರ ನಮಗೂ ಇತ್ತು."

ನಾನು ಬೆಳೆದದ್ದು ಲಿಂಗಸುಗೂರಿನಲ್ಲಿ. ನನ್ನ ಗೆಳತಿ ನೂರಜಹಾನ್. ಶುಕ್ರವಾರ ನಮ್ಮ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದರು, ಲಕ್ಷ್ಮಿಯ ವಾರ ಅಂತ. ಅವರ ಮನೆಯಲ್ಲೂ ಶುಕ್ರವಾರವೇ ಎರೆಯುತ್ತಿದ್ದರು, ನಮಾಜಿನ ದಿನ ಅಂತ. ಹಾಗಾಗಿ ಶುಕ್ರವಾರ ಶಾಲೆಯಲ್ಲಿ ನಮ್ಮಿಬ್ಬರದೂ ಹಸಿ ತಲೆ. ಒಂದೇ ಬೆಂಚಿನಲ್ಲಿ ಕೂತು ಒಂದೇ ಸಮ ಸೀನುತ್ತಿದ್ದೆವು.

ಸಂಜೆ ಅವಳ ಮನೆಗೆ ಹೋಗುತ್ತಿದ್ದೆ. ಮೊದಲನೇ ಸಲ ಹೋದಾಗ ಅವಳ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು.

"ಯಾರ ಮಗಳ ಬೇ ನೀ? ಯಾವ ಓಣಿ? ಮನ್ಯಾಗ ಹೇಳಿ ಬಂದೀಯೇನು?"

ನೋಡಿ, ಸಂಶೋಧನೆ ಅಂದರೆ ಅದು. ಮೂರೇ ಪ್ರಶ್ನೆಯಲ್ಲಿ ಮುಗಿಯಿತು.

ಹೇಳಿ ಬಂದಿಲ್ಲ ಅಂದೆ. ಆಕೆ ನನ್ನನ್ನು ಒಳಗೆ ಕರೆಯಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ನೂರಜಹಾನಳನ್ನು ನಮ್ಮ ಓಣಿಗೆ ಓಡಿಸಿದರು. ಅವಳು ನಮ್ಮ ಅಂಗಳದಲ್ಲಿ ನಿಂತು, "ಕಾಕೂ, ನಿಮ್ಮ ಹುಡುಗಿ ನಮ್ಮ ಮನ್ಯಾಗ ಅದಾಳ" ಅಂತ ಕೂಗಿದಳಂತೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮವ್ವ ಬಡಿಯುವುದನ್ನೂ ನಿಲ್ಲಿಸದೆ, "ಇರಲಿ ತಗೋ. ಹೊತ್ತು ಮುಳುಗೋದ್ರೊಳಗ ಕಳಸಂತ ಹೇಳು ನಿಮ್ಮವ್ವಗ" ಅಂದಳಂತೆ.

ಅಷ್ಟೇ. ಪೋಷಕರ ಒಪ್ಪಿಗೆ ಮುಗಿಯಿತು. ಆ ಒಂದು ಮಾತಿನ ಮೇಲೆ ನಾನು ಹತ್ತನೇ ಕ್ಲಾಸಿನವರೆಗೆ ಆ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ತಿಂದೆ. ಆಕೆ ನನಗೆಂದೇ ಒಂದು ತಟ್ಟೆ ಬೇರೆ ಇಟ್ಟಿದ್ದರು. ನಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ ಅಂತ ಯಾರೂ ಹೇಳದೆಯೇ ತಿಳಿದುಕೊಂಡು, ಆ ತಟ್ಟೆಯನ್ನು ಮೇಲಿನ ಗೂಡಿನಲ್ಲಿ ಬೋರಲು ಹಾಕಿಡುತ್ತಿದ್ದರು. ನಾನು ಬಾಗಿಲಿಗೆ ಬಂದರೆ ಮೊದಲು ಕೇಳುವ ಸದ್ದು ಅದನ್ನು ಇಳಿಸುವ ಸದ್ದು.

ನೂರಜಹಾನ್ ಈಗ ಸಿಂಧನೂರಿನಲ್ಲೇ ಇದ್ದಾಳೆ. ಅವಳಿಗೆ ಆಗಲೇ ಮೊಮ್ಮಗ ಇದ್ದಾನೆ. ಆಗಾಗ ಬೇಕಂತಲೇ ಸಂಜೆಯ ಬಸ್ಸು ಬಿಟ್ಟು ಅವಳ ಮನೆಗೆ ಹೋಗುತ್ತೇನೆ. ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತೇವೆ. ಗೆಳೆತನಕ್ಕೂ ವಯಸ್ಸಾಗುತ್ತದೆ, ಏನು ಮಾಡುವುದು.

ಇರಲಿ. ವಿಜಿಯ ಕತೆಗೆ ಬರುತ್ತೇನೆ.

ಶಿಲ್ಪಾಳ ಅಧ್ಯಯನ ಜೋಡಿಗಳ ಮೇಲಿತ್ತು. ವಿಜಿ ಯಾರ ಹೆಸರು ಹೇಳುತ್ತಾಳೋ ಅವಳಿಗೂ ಅದೇ ಪ್ರಶ್ನೆ ಕೇಳಬೇಕು. ಇಬ್ಬರ ಮನೆಯವರೂ ಒಪ್ಪಬೇಕು. ವಿಜಿ ಹೇಳಿದ್ದು ಹುಲಿಗೆಮ್ಮನ ಹೆಸರು. ಸಂತೆಕಲ್ಲೂರಿನಿಂದ ಶೇರ್ ಆಟೋದಲ್ಲಿ ಬರುವ ಹುಡುಗಿ. ಮಾತು ಕಡಿಮೆ, ಗಣಿತ ಚುರುಕು. ನಮ್ಮ ಮನೆಗೆ ಬಂದರೆ ನೀರು ಕುಡಿದ ಲೋಟ ತಾನೇ ತೊಳೆದಿಡುತ್ತಾಳೆ. ಅವಳಿಗೆ ಒಳ್ಳೆಯ ಬುದ್ಧಿ ಇದೆ ಅಂತ ನಾನು ಹೊಗಳಿದರೆ ವಿಜಿಗೆ ಸಿಟ್ಟು. ಅಂಥ ಗೆಳೆತನ.

ಒಂದು ಸಂಜೆ ವಿಜಿ ಕೆಂಪು ಕಣ್ಣು ಮಾಡಿಕೊಂಡು ಶಾಲೆಯಿಂದ ಬಂದಳು.

"ಹುಲಿಗಿ ಅಪ್ಪ ಬ್ಯಾಡ ಅಂದಾನಂತ. ಬ್ಯಾರೆ ಯಾರದರ ಹೆಸರು ಹೇಳು ಅಂತಾರ ನನಗ."

"ಹೇಳು ಮತ್ತ," ಅಂದೆ.

ಅವಳು ನನ್ನನ್ನು ನೋಡಿದ ನೋಟವಿತ್ತಲ್ಲ, ಅದನ್ನು ಬರೆಯಲಾರೆ.

"ಹೆಂಗ ಹೇಳಲಿ? ಬ್ಯಾರೆ ಯಾರ ಅದಾರ ನನಗ?"

ಮಗಳಿಗೆ ಇಡೀ ಕ್ಲಾಸೇ ಗೆಳೆಯರು ಅಂದುಕೊಂಡಿದ್ದೆ ನಾನು. ಅಷ್ಟು ಮಾತು, ಅಷ್ಟು ನಗು, ಅಷ್ಟು ಫೋನು. ಒಬ್ಬಳೇ ಅಂತ ನನಗೆ ಗೊತ್ತಿರಲಿಲ್ಲ. ಕುರಿ ಕಾಯುವ ಹುಲಿಗೆಮ್ಮನ ಅಪ್ಪ ಎಲ್ಲೋ ಕೂತು ಬೇಡ ಅಂದದ್ದರಿಂದ ನನ್ನ ಮಗಳ ಬಗ್ಗೆ ನನಗೆ ಈ ವಿಷಯ ತಿಳಿಯಿತು.

ಶಿಲ್ಪಾಗೆ ಫೋನು ಮಾಡಿದೆ. ಅವಳೂ ಪೇಚಾಡುತ್ತಿದ್ದಳು. ಹುಲಿಗೆಮ್ಮನ ಮನೆಗೆ ಹೋಗಿ ಒಮ್ಮೆ ವಿವರಿಸಿ ಹೇಳಬೇಕು, ನೀವು ಜೊತೆಗೆ ಬಂದರೆ ಅವರಿಗೂ ಧೈರ್ಯ ಅಂದಳು. ವಿಜಿಯನ್ನು ಮಾತ್ರ ಕರೆತರಬೇಡಿ, ಗೆಳತಿಯ ಮುಂದೆ ಅವರಿಗೆ ಮುಲಾಜಾಗುತ್ತದೆ ಅಂತಲೂ ಹೇಳಿದಳು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಸಂತೆಕಲ್ಲೂರಿನ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಆ ಅಪ್ಪನ ಮನ ಒಲಿಸಲು ಏನೇನು ಹೇಳಬೇಕು ಅಂತ ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಹೆಣ್ಣುಮಕ್ಕಳು, ಶಿಕ್ಷಣ, ಕಾಲ ಬದಲಾಗಿದೆ, ಇತ್ಯಾದಿ. (ನಾನು ಮೇಷ್ಟ್ರು. ಬಾಯಿ ತೆರೆದರೆ ಭಾಷಣ.)

ಹುಲಿಗೆಮ್ಮನ ತಾಯಿ ದೇವಮ್ಮ ಅಂಗಳದಲ್ಲಿ ಮೊರ ಹಿಡಿದು ತೊಗರಿ ಕೇರುತ್ತಿದ್ದಳು. "ಬರ್ರೀ ಅಕ್ಕಾರ, ಕುಂದರ್ರಿ" ಅಂತ ಗೋಣಿಚೀಲ ಹಾಸಿದಳು. ಹುಲಿಗೆಮ್ಮ ನಮ್ಮನ್ನು ನೋಡಿದವಳೇ ಚಹಾ ಮಾಡುತ್ತೇನೆ ಅಂತ ಒಳಗೆ ಹೋದಳು. ಅಪ್ಪ ಹನುಮಪ್ಪ ಊರಲ್ಲಿರಲಿಲ್ಲ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಲು ಸಿಂಧನೂರಿನ ಕಡೆ ಹೋಗಿದ್ದ.

ಶಿಲ್ಪಾ ನಿಧಾನವಾಗಿ ಎಲ್ಲ ಹೇಳಿದಳು. ದೇವಮ್ಮ ಕೈಯಲ್ಲಿನ ಮೊರ ನಿಲ್ಲಿಸಿದಳು.

"ಯಾವ ಕಾಗದ? ನನಗ್ಯಾರೂ ಹೇಳಿಲ್ಲಲ್ಲ."

"ಹುಲಿಗೆಮ್ಮನ ಅಪ್ಪ ಬ್ಯಾಡ ಅಂದಾರಂತಲ್ರೀ," ಅಂದಳು ಶಿಲ್ಪಾ.

"ಅಂವ ಮನೀಗೆ ಬಂದ ತಿಂಗಳ ಮ್ಯಾಲಾತು."

ನಾನೂ ಶಿಲ್ಪಾನೂ ಮುಖ ಮುಖ ನೋಡಿಕೊಂಡೆವು. ಒಳಗೆ ಪಾತ್ರೆಯ ಸದ್ದು ನಿಂತಿತ್ತು.

ದೇವಮ್ಮ ಮೊರ ಕೆಳಗಿಟ್ಟು, "ಕೇಳಿದ್ರ ನಾನೂ ಬ್ಯಾಡ ಅಂತಿದ್ದೆ ಬಿಡ್ರಿ" ಅಂದಳು. "ಹಿರೀ ಮಗಳದ್ದು ಹಿಂಗಽ ಕೇಳಿದ್ರು. ಗಂಡಿನ ಕಡ್ಯಾವ್ರು. ಸಾಲಿಗೆ ಯಾರ ಕೂಡ ಹೋಗತಾಳ, ಆಟೋದಾಗ ಯಾರ ಬಾಜೂಕ ಕುಂದ್ರತಾಳ ಅಂತ ಊರೆಲ್ಲ ಕೇಳಿದ್ರು. ಕೇಳಿದವರು ಹೋದ್ರು. ಮಾತು ಊರಾಗ ಉಳೀತು. ಆ ಗಂಡೂ ಆಗಲಿಲ್ಲ, ಅಕೀ ಸಾಲೀನೂ ಬಿಡಿಸಿದ್ವಿ. ಹುಡುಗೀ ಗೆಳೆತನ ಕೇಳಾಕ ಬಂದವ್ರು ಒಳ್ಳೇದಕ್ಕ ಬಂದಿದ್ದು ನಾ ನೋಡಿಲ್ರೀ ಅಕ್ಕಾರ."

ನಾನು ದಾರಿಯಲ್ಲಿ ಜೋಡಿಸಿಕೊಂಡಿದ್ದ ಭಾಷಣ ಅಲ್ಲೇ ಸತ್ತಿತು. ಆಮೇಲೆ ದೇವಮ್ಮನೇ ಶಿಲ್ಪಾಳ ಕಡೆ ತಿರುಗಿದಳು.

"ಏನೇನ್ ಕೇಳತಿ ಮಗಳ? ಮೊದಲ ನನ್ನ ಕೇಳು. ನಾ ಹೇಳಿ ನೋಡತೀನಿ. ಆಮ್ಯಾಲ ಅಕೀನ ಕೇಳೋದೋ ಬ್ಯಾಡೋ ಅಂತೀನಿ."

ಶಿಲ್ಪಾ ಚೀಲದಿಂದ ಪ್ರಶ್ನೆಗಳ ಹಾಳೆ ತೆಗೆದಳು. "ನಿಮ್ಮ ಆಪ್ತ ಗೆಳತಿ ಯಾರ್ರೀ?"

ದೇವಮ್ಮ ನಕ್ಕಳು. ಪ್ರಶ್ನೆಗೆ ನಕ್ಕದ್ದಲ್ಲ. ಯಾರೋ ಬಹಳ ದಿನದ ಮೇಲೆ ಬಾಗಿಲಿಗೆ ಬಂದರೆ ನಗುತ್ತೇವಲ್ಲ, ಹಾಗೆ.

"ಈರಮ್ಮ," ಅಂದಳು.

ಮದುವೆಗೆ ಮುಂಚೆ, ತವರಿನಲ್ಲಿ, ಒಂದೇ ಓಣಿಯ ಹುಡುಗಿಯರು. ಕಳೆ ಕೀಳಲು ಒಟ್ಟಿಗೆ, ನೀರಿಗೆ ಒಟ್ಟಿಗೆ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳೂ ಹೊಲಕ್ಕೆ ಹೋಗುತ್ತಿರಲಿಲ್ಲ. ಒಮ್ಮೆ ಹಚ್ಚೆ ಹಾಕುವ ಮುದುಕಿ ಊರಿಗೆ ಬಂದಳಂತೆ. ಇಬ್ಬರೂ ಮನೆಯಲ್ಲಿ ಹೇಳದೆ ಜೋಳದ ಕಾಳು ಕೊಟ್ಟು ಕೈ ಚಾಚಿದರಂತೆ.

"ಅಕೀ ಕೈಮ್ಯಾಲ ನನ್ನ ಹೆಸರ ಹಾಕು, ನನ್ನ ಕೈಮ್ಯಾಲ ಅಕೀ ಹೆಸರ ಹಾಕು ಅಂದ್ವಿ. ನಮಗ ಓದಾಕ ಬರಾಂಗಿಲ್ಲ. ಮುದುಕಿಗೂ ಬರಾಂಗಿಲ್ಲ. ಚುಕ್ಕಿ ಇಟ್ಟು ಗೆರಿ ಎಳದ್ಲು. ಇದಽ ಈರಮ್ಮ ಅಂದ್ಲು."

ಸೆರಗು ಸರಿಸಿ ಮುಂಗೈ ತೋರಿಸಿದಳು. ಹಸಿರು ಬಣ್ಣ ಮಾಸಿ ಬೂದಿಯಾಗಿತ್ತು. ಕೆಲವು ಚುಕ್ಕೆ, ಒಂದು ಸೊಟ್ಟ ಗೆರೆ.

"ಮನ್ಯಾಗ ಬೈಲಿಲ್ಲೇನ್ರಿ?" ಕೇಳಿದಳು ಶಿಲ್ಪಾ.

"ಅಪ್ಪ ಹೊಡದ. ಹೊಡದ್ರ ಅಳಸತೈತೇನು?"

"ಈಗ ಎಲ್ಲಿ ಅದಾರ?"

"ಕೆನಾಲ ಕಡೀ ಕೊಟ್ರು. ಒಮ್ಮಿ ನಾ ನಾಟಿ ಹಚ್ಚಾಕ ಆ ಕಡೀ ಹೋದಾಗ ಸಿಕ್ಕಿದ್ಲು. ಗದ್ದ್ಯಾಗ ನಿಂತಿದ್ಲು. ದೂರದಿಂದ ಗುರುತ ಹಿಡದ್ಲು. ಕೈ ಎತ್ತಿ ತೋರಿಸಿದ್ಲು. ಕೆಸರ ಮೆತ್ತಿತ್ತು. ಬಗ್ಗಿ ನೀರಾಗ ತೊಳಕೊಂಡು ಮತ್ತ ತೋರಿಸಿದ್ಲು."

ಶಿಲ್ಪಾ ಬರೆದುಕೊಳ್ಳುತ್ತಿರಲಿಲ್ಲ. ಪೆನ್ನು ಹಾಳೆಯ ಮೇಲೆ ಹಾಗೇ ಇತ್ತು. ನನಗೆ ಲಿಂಗಸುಗೂರಿನ ಆ ಮನೆ, ಗೂಡಿನಿಂದ ಇಳಿಯುತ್ತಿದ್ದ ತಟ್ಟೆ ಎಲ್ಲ ಒಮ್ಮೆಲೆ ನೆನಪಾಯಿತು. ಇಷ್ಟು ವಯಸ್ಸಿನವರೆಗೆ ಈ ಹೆಂಗಸನ್ನು ಯಾರಾದರೂ ಕೇಳಿದ್ದರೇ, ನಿನ್ನ ಗೆಳತಿ ಯಾರು ಅಂತ? ನನ್ನನ್ನು ಯಾರು ಕೇಳಿದ್ದರು? ಹೆಂಗಸರಿಗೆ ಮಕ್ಕಳೆಷ್ಟು ಅಂತ ಕೇಳುತ್ತಾರೆ. ಗೆಳತಿಯರ ಬಗ್ಗೆ ಕೇಳುವ ರೂಢಿಯೇ ಇಲ್ಲ.

ದೇವಮ್ಮ ಕಣ್ಣೊರೆಸಿಕೊಂಡು, "ಇಂಥಾ ಪ್ರಶ್ನೆ ಆದ್ರ ಕೇಳ್ರಿ. ಒಳ್ಳೇವದಾವು" ಅಂದಳು. "ತಡೀರಿ, ಇವರಪ್ಪಗ ಒಂದು ಮಾತ ಹೇಳಿ ಹೆಬ್ಬೆಟ್ಟು ಹಾಕತೀನಿ."

ಮೊಬೈಲು ಸ್ಪೀಕರಿಗೆ ಹಾಕಿದಳು. ಆ ಕಡೆ ಕುರಿಗಳ ಸದ್ದು, ಗಾಳಿಯ ಸದ್ದು, ನಡುವೆ ಹನುಮಪ್ಪನ ದನಿ. ದೇವಮ್ಮ ತನಗೆ ತಿಳಿದಷ್ಟು ಹೇಳಿದಳು.

"ನಾ ಯಾವಾಗ ಬ್ಯಾಡ ಅಂದೆ?" ಅಂದ ಅವನು. "ನನಗ ಗೊತ್ತಽ ಇಲ್ಲ. ನೀ ಏನಂತಿ?"

"ನಾ ಹೂಂ ಅಂತೀನಿ."

"ಹಂಗಾರ ಹಾಕು." ಸ್ವಲ್ಪ ತಡೆದು ಮತ್ತೆ ಕೇಳಿದ. "ಹುಡುಗಿ ಏನಂತೈತಿ?"

ಮಸ್ಕಿಯಿಂದ ಇಲ್ಲಿಯವರೆಗೆ ಬಂದ ನಾವಿಬ್ಬರು, ಎಲ್ಲ ಕೇಳಿ ಎಲ್ಲ ಹೇಳಿದ ದೇವಮ್ಮ, ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಗದ್ದೆಯಲ್ಲಿ ಕುರಿ ಮಧ್ಯೆ ನಿಂತವನಿಗೆ ಹೊಳೆಯಿತು. ಈತನನ್ನೇ ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ತಿದ್ದುತ್ತಾ ಬಂದಿದ್ದೆ.

ಹುಲಿಗೆಮ್ಮ ಚಹಾದ ಲೋಟಗಳನ್ನು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ನನಗ ಬ್ಯಾಡ," ಅಂದಳು.

"ಯಾಕ ಬೇ? ಒಪ್ಪಿಗಿ ಐತೇನು ಅಂತ ಕೇಳಿದಾಗ ಕ್ಲಾಸಿನಾಗ ಕೈ ಎತ್ತಿದ್ದಿ ಅಲ್ಲ?" ಶಿಲ್ಪಾ ಮೆಲ್ಲಗೆ ಕೇಳಿದಳು.

"ಎಲ್ಲಾರೂ ಎತ್ತಿದ್ರು. ನಾನೂ ಎತ್ತಿದೆ." ಲೋಟಗಳನ್ನು ನಮ್ಮ ಮುಂದೆ ಇಟ್ಟಳು. "ವಿಜಿ ನನಗ ಹೇಳಿದ್ದು ನನ್ನ ಕೂಡ ಐತ್ರಿ. ನಾ ಹೇಳಿದ್ದು ಅಕೀ ಕೂಡ ಐತಿ. ಬ್ಯಾರೇದವರಿಗೆ ಹೇಳಾಕ ನನಗ ಮನಸಿಲ್ಲ."

"ಮತ್ತ ಅಪ್ಪನ ಹೆಸರ ಯಾಕ ಹೇಳಿದಿ?" ಅಂದಳು ಶಿಲ್ಪಾ.

ಹುಲಿಗೆಮ್ಮ ನೆಲ ನೋಡುತ್ತಾ ನಿಂತಳು. "ನನಗ ಬ್ಯಾಡ ಅಂದ್ರ ಯಾಕ, ಯಾಕ ಅಂತ ಕೇಳ್ತಾರಲ್ರೀ. ಅಪ್ಪ ಬ್ಯಾಡ ಅಂದಾನ ಅಂದ್ರ ಯಾರೂ ಕೇಳಾಂಗಿಲ್ಲ."

ಫೋನಿನಲ್ಲಿ ಹನುಮಪ್ಪ ಕೇಳಿಸಿಕೊಂಡಿರಬೇಕು. ಜೋರಾಗಿ ನಕ್ಕ. "ಹಂಗಾರ ನಾ ಬ್ಯಾಡ ಅಂದೀನಿ ಅಂತ ಬರಕೊಳ್ರಿ" ಅಂದು ಫೋನಿಟ್ಟ.

ವಾಪಸು ಬರುವಾಗ ಶಿಲ್ಪಾ ಆಟೋದಲ್ಲಿ ಪ್ರಶ್ನೆಗಳ ಹಾಳೆ ಮಡಚಿ ಚೀಲಕ್ಕೆ ಹಾಕಿದಳು. ಮಕ್ಕಳ ಒಪ್ಪಿಗೆಯನ್ನೂ ಕೇಳಬೇಕು ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಕ್ಲಾಸಿನಲ್ಲಿ ಕೈ ಎತ್ತಿಸಿದ್ದಳು. "ಇನ್ನ ಮ್ಯಾಲ ಒಬ್ಬೊಬ್ಬರನ್ನ ಕರದು ಕೇಳತೀನ್ರಿ ಮೇಡಂ. ಕೈ ಎತ್ತಿದ್ದೆಲ್ಲ ಹೂಂ ಅಲ್ಲ," ಅಂದಳು. ಮುಖ ಸಪ್ಪಗಿತ್ತು. ಒಂದು ಜೋಡಿ ಹೋಯಿತು ಅನ್ನುವ ಬೇಸರ ಇದ್ದೇ ಇರುತ್ತದಲ್ಲ. ಆದರೆ ದೇವಮ್ಮನ ಮಾತನ್ನು ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ ಅಂತಲೂ ಅಂದಳು. ಅದಕ್ಕೆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ನನಗೆ ನಗು ಬರುತ್ತಿತ್ತು. ಯಾಕೆ ಗೊತ್ತೇ? ನಮ್ಮಪ್ಪ ನೆನಪಾದ. ಬಾಗಿಲಿಗೆ ಬಂದ ಬೆಕ್ಕನ್ನೂ ಗದರಿಸದ ಮನುಷ್ಯ. ಆದರೆ ಲಿಂಗಸುಗೂರಿನ ನಮ್ಮ ಶಾಲೆಯಲ್ಲಿ ಅವನಿಗೆ ಭಯಂಕರ ಸಿಟ್ಟಿನವನು ಅಂತ ಹೆಸರಿತ್ತು. ಆ ಹೆಸರು ಹಬ್ಬಿಸಿದವಳು ನಾನೇ. ಕುಣಿತಕ್ಕೆ ಸೇರಿಸಿದರೆ ಅಪ್ಪ ಬೈತಾನ. ಖೋ ಖೋ ಟೀಮಿಗೆ ಕರೆದರೆ ಅಪ್ಪ ಕಳಸಾಂಗಿಲ್ಲ. ನೂರಜಹಾನಳನ್ನು ಬಿಟ್ಟು ಬೇರೆ ಬೆಂಚಿನಲ್ಲಿ ಕೂರು ಅಂದರೆ ಅಪ್ಪ ಬಂದು ಕೇಳ್ತಾನ. ಟೀಚರುಗಳು ತೆಪ್ಪಗಾಗುತ್ತಿದ್ದರು. ಪಾಪ, ಶಾಲೆಯ ವಾರ್ಷಿಕೋತ್ಸವಕ್ಕೆ ಅವನು ಬಂದಾಗ ಹೆಡ್‌ಮಾಸ್ಟರು ಎದ್ದು ನಿಂತು ಕುರ್ಚಿ ಕೊಟ್ಟಿದ್ದರು. ಯಾಕೆ ಇಷ್ಟು ಮರ್ಯಾದೆ ಅಂತ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮನೆಗೆ ಬಂದು, "ಭಾಳ ಚಲೋ ಮಂದಿ ಅದಾರ ನಿಮ್ಮ ಸಾಲ್ಯಾಗ" ಅಂದಿದ್ದ.

ಅಪ್ಪ ಇಲ್ಲ ಈಗ. ಅವನ ಸಿಟ್ಟಿನ ನೆರಳಲ್ಲಿ ನಾವಿಬ್ಬರು ಹುಡುಗಿಯರು ಎಷ್ಟು ತಣ್ಣಗೆ ಬೆಳೆದೆವು ಅಂತ ಅವನಿಗೆ ಒಮ್ಮೆ ಹೇಳಬೇಕಿತ್ತು.

ಮನೆಗೆ ಬಂದು ವಿಜಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಮೊದಲು ನಂಬಲಿಲ್ಲ. ಆಮೇಲೆ ಮುಖ ತಿರುಗಿಸಿ ಕೂತಳು.

"ನನ್ನ ಹೆಸರ ಹೇಳಾಕ ಅಕೀಗೆ ಏನ್ ಕಷ್ಟ?"

"ನಿನ್ನ ಹೆಸರಿಗಲ್ಲ. ನೀ ಹೇಳಿದ ಮಾತಿಗೆ," ಅಂದೆ.

ರಾತ್ರಿ ವಿಜಿ ಊಟ ಸರಿಯಾಗಿ ಮಾಡಲಿಲ್ಲ. ನನಗೂ ಸಂಕಟ. ಗೆಳತಿ ಬೇಡ ಅಂದದ್ದು ತನ್ನನ್ನೇ ಬೇಡ ಅಂದ ಹಾಗೆ ಕೇಳಿಸುವ ವಯಸ್ಸು ಅದು. ಬೆಳಿಗ್ಗೆ ಎಂದಿಗಿಂತ ಬೇಗ ಎದ್ದು, ಜಡೆ ಹಾಕಿಸಿಕೊಂಡು, ಸಂತೆಕಲ್ಲೂರಿನ ಆಟೋ ನಿಲ್ಲುವ ಕಡೆ ಹೋದಳು. ನಾನು ನನ್ನ ಬಸ್ಸಿಗೆ ಹೊರಟವಳು ದೂರದಿಂದ ನೋಡಿದೆ. ಆಟೋ ಬಂತು. ಹುಲಿಗೆಮ್ಮ ಇಳಿದಳು. ಇಬ್ಬರೂ ಒಂದು ಮಾರು ದೂರ ಬಿಟ್ಟು ನಡೆಯತೊಡಗಿದರು. ಮೂಲೆ ತಿರುಗುವ ಹೊತ್ತಿಗೆ ಆ ದೂರ ಇರಲಿಲ್ಲ.

ಸಂಜೆ ತಡೆಯಲಾಗದೆ ಕೇಳಿದೆ. "ಮಾತಾಡಿದ್ರೇನು?"

"ಹೂಂ."

"ಏನಂದ್ಲು?"

ವಿಜಿ ನನ್ನನ್ನು ನೋಡಿ ನಕ್ಕಳು. "ಅದನ್ನ ಹೇಳಾಂಗಿಲ್ಲ."

ಆಯಿತಮ್ಮ. ಹೇಳಬೇಡ. ನಾನೂ ನಮ್ಮವ್ವನಿಗೆ ಹೇಳಿದವಳಲ್ಲ.

ಶಿಲ್ಪಾ ಈಗ ಬೇರೆ ಶಾಲೆಗೆ ಹೋಗಿದ್ದಾಳೆ. ವಿಜಿ ಅವಳನ್ನು ಹುಡುಕಿಕೊಂಡು ಹೋಗಿ ತನ್ನ ಹೆಸರನ್ನೂ ತೆಗೆಸಿ ಬಂದಳು. ನಾನು ಮಾಡಿದ ಸಹಿ ಹೀಗೆ ವ್ಯರ್ಥವಾಯಿತು. ಬೇಸರವೇನಿಲ್ಲ. ಆದರೆ ಒಂದು ಮಾತು ಮಾತ್ರ ಈ ವಾರವೆಲ್ಲ ನನ್ನನ್ನು ಬಿಡುತ್ತಿಲ್ಲ. ತನಗೆ ಬೇಡವಾದದ್ದನ್ನು ಬೇಡ ಅನ್ನಲು ಒಂದು ಹುಡುಗಿಗೆ ಊರಲ್ಲೇ ಇಲ್ಲದ ಅಪ್ಪನ ಹೆಸರು ಬೇಕಾಗುತ್ತದೆ ಅಂದರೆ, ಅವಳದೇ ಬಾಯಿಂದ ಬೇಡ ಅಂದಾಗ ನಾವ್ಯಾರೂ ಕೇಳಿಸಿಕೊಳ್ಳುವುದಿಲ್ಲ ಅಂತಲೇ ಅಲ್ಲವೇ?